ನೆಗಡಿ ಬೇರೆ, ಫ್ಲೂ ಬೇರೆ

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ದೀಪಾವಳಿಯ ಆಸುಪಾಸಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಮನೆಯ ಹೀಟರ್ ಹಾಕಿ, ಕಿಟಕಿಗಳನ್ನು ಮುಚ್ಚುವ ಹೊತ್ತಿಗೆ ಅಮೆರಿಕದ ನಮ್ಮ ಮನೆಗಳಲ್ಲಿ ಈ ಗಾದೆಯ ಮೊದಲರ್ಧ ತಪ್ಪದೆ ನೆನಪಾಗುತ್ತದೆ. ಆದರೆ ನಾವು ಕನ್ನಡಿಗರು "ಸ್ವಲ್ಪ ಶೀತ ಆಗಿದೆ, ಮೈ ಬೆಚ್ಚಗಿದೆ" ಎನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ರೋಗಗಳನ್ನು ಸೇರಿಸಿಬಿಡುತ್ತೇವೆ. ನೆಗಡಿ ಪೀಡಿಸುತ್ತದೆ, ಹೋಗುತ್ತದೆ. ಫ್ಲೂ ಕೆಲವೊಮ್ಮೆ ಮನುಷ್ಯರನ್ನೇ ಕೊಂಡೊಯ್ಯುತ್ತದೆ. ಈ ವ್ಯತ್ಯಾಸವನ್ನು ಕಲಿಸಿದ್ದು ಚರಿತ್ರೆ. ಆದ್ದರಿಂದ ಚರಿತ್ರೆಯಿಂದಲೇ ಆರಂಭಿಸೋಣ.

ಇನ್‌ಫ್ಲುಯೆಂಜಾ ಎಂಬುದು ಇಟಲಿಯ ಮಾತು. "ಪ್ರಭಾವ" ಎಂದು ಅದರ ಅರ್ಥ. ಆಕಾಶದ ನಕ್ಷತ್ರಗಳ ಪ್ರಭಾವದಿಂದ ಈ ಜ್ವರ ಬರುತ್ತದೆಂದು ಅಲ್ಲಿನವರು ನಂಬಿದ್ದರು. ನಮ್ಮಲ್ಲಿ "ಗ್ರಹಚಾರ" ಎನ್ನುವುದಿಲ್ಲವೇ, ಹಾಗೆಯೇ.

ಆ ಗ್ರಹಚಾರ ಜಗತ್ತಿಗೇ ವಕ್ಕರಿಸಿದ್ದು 1918ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕ್ಯಾನ್ಸಸ್ ರಾಜ್ಯದ ಕ್ಯಾಂಪ್ ಫನ್‌ಸ್ಟನ್ ಎಂಬ ಸೈನಿಕ ಶಿಬಿರದಲ್ಲಿ ನೂರಾರು ಸೈನಿಕರು ಜ್ವರದಿಂದ ಮಲಗಿದರು. ವಸಂತಕಾಲದ ಈ ಅಲೆ ಸೌಮ್ಯವಾಗಿತ್ತು. ಶರತ್ಕಾಲದಲ್ಲಿ ಮರಳಿ ಬಂದ ಅಲೆ ಹಾಗಿರಲಿಲ್ಲ. ಸೆಪ್ಟೆಂಬರ್ 28ರಂದು ಫಿಲಡೆಲ್ಫಿಯಾ ನಗರದಲ್ಲಿ ಯುದ್ಧಸಾಲದ ಪ್ರಚಾರಕ್ಕಾಗಿ ದೊಡ್ಡ ಮೆರವಣಿಗೆ ನಡೆಯಿತು. ಊರಿಗೆ ಆಗಲೇ ಜ್ವರ ಕಾಲಿಟ್ಟಿದ್ದರೂ ಅದನ್ನು ರದ್ದು ಮಾಡಲಿಲ್ಲ. ಸುಮಾರು 2 ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು. ಆರು ವಾರಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಅದೇ ಸಮಯದಲ್ಲಿ ಸೇಂಟ್ ಲೂಯಿಸ್ ನಗರದ ಆರೋಗ್ಯಾಧಿಕಾರಿ ಡಾ. ಮ್ಯಾಕ್ಸ್ ಸ್ಟಾರ್ಕ್‌ಲಾಫ್, ರೋಗ ಕಾಣಿಸಿದ ಒಡನೆಯೇ ಶಾಲೆ, ಚರ್ಚು, ನಾಟಕಶಾಲೆಗಳನ್ನೆಲ್ಲ ಮುಚ್ಚಿಸಿದರು. ಅಲ್ಲಿನ ಸಾವಿನ ಪ್ರಮಾಣ ಫಿಲಡೆಲ್ಫಿಯಾದ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಆಗ ಔಷಧವಿರಲಿಲ್ಲ, ಲಸಿಕೆಯಿರಲಿಲ್ಲ; ಗುಂಪು ಸೇರದಿರುವ ವಿವೇಕವೊಂದೇ ಇದ್ದದ್ದು.

ಅಮೆರಿಕದಲ್ಲಿ ಈ ಪಿಡುಗಿಗೆ ಸುಮಾರು 6,75,000 ಜನ ಬಲಿಯಾದರು. ಮೊದಲ ಮಹಾಯುದ್ಧದಲ್ಲಿ ಮಡಿದ ಅಮೆರಿಕನ್ನರು ಸುಮಾರು 1,16,000 ಮಾತ್ರ. ಮಕ್ಕಳು, ಮುದುಕರಷ್ಟೇ ಅಲ್ಲದೆ 20ರಿಂದ 40ರ ಹರೆಯದವರು, ಅದರಲ್ಲೂ ಗರ್ಭಿಣಿಯರು, ಹೆಚ್ಚಾಗಿ ಸತ್ತದ್ದು ಆ ಪಿಡುಗಿನ ವಿಶೇಷ.

ನಮ್ಮ ನಾಡು ಇದರಿಂದ ಪಾರಾಗಲಿಲ್ಲ. 1918ರ ಜೂನ್‌ನಲ್ಲಿ ಯುದ್ಧದಿಂದ ಮರಳುವ ಸೈನಿಕರ ಹಡಗುಗಳು ಬರುತ್ತಿದ್ದ ಮುಂಬಯಿ ಬಂದರಿನಲ್ಲಿ ಜ್ವರ ಕಾಣಿಸಿತು. ಸೆಪ್ಟೆಂಬರ್ ನಂತರದ ಎರಡನೆಯ ಅಲೆ ರೈಲುಮಾರ್ಗಗಳನ್ನು ಹಿಡಿದು ದೇಶವಿಡೀ ಹಬ್ಬಿತು. ಮೈಸೂರು ಸಂಸ್ಥಾನವೂ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳೂ ನರಳಿದವು. ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದ ವರ್ಷವದು. ಹಸಿದ ಮೈಗೆ ಜ್ವರ ತಡೆಯಲಾಗಲಿಲ್ಲ. ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. ಜಗತ್ತಿನ ಬೇರಾವ ದೇಶವೂ ಇಷ್ಟು ಜನರನ್ನು ಕಳೆದುಕೊಳ್ಳಲಿಲ್ಲ. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಬೆಳೆಯುವ ಬದಲು ಕುಗ್ಗಿತು. ಅಂದು ತಾಯಿಯನ್ನೋ ತಂಗಿಯನ್ನೋ ಕಳೆದುಕೊಂಡ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ನಡುವೆಯೂ ಇದ್ದಾರು.

ಅಂದಿನ ವೈದ್ಯರಿಗೆ ಶತ್ರು ಯಾರೆಂದೇ ತಿಳಿದಿರಲಿಲ್ಲ. ಒಂದು ಬ್ಯಾಕ್ಟೀರಿಯಾವನ್ನು ಕಾರಣವೆಂದು ತಿಳಿದು ಅದಕ್ಕೆ ಲಸಿಕೆ ತಯಾರಿಸಿದರು, ಫಲ ಸಿಗಲಿಲ್ಲ. ನಿಜವಾದ ಕಾರಣ ಸಿಕ್ಕಿದ್ದು 1933ರಲ್ಲಿ, ಇಂಗ್ಲೆಂಡಿನಲ್ಲಿ. ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ವಿಜ್ಞಾನಿಗಳು ರೋಗಿಗಳ ಗಂಟಲಿನ ದ್ರವವನ್ನು ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಹಾಕಿದರು. ಅವಕ್ಕೆ ಜ್ವರ ಬಂತು. ಮುಂದೆ ಒಂದು ಫೆರೆಟ್ ಸ್ಮಿತ್ ಅವರ ಮುಖಕ್ಕೇ ಸೀನಿತು. ಅವರಿಗೂ ಫ್ಲೂ ಬಂತು! ಅಪರಾಧಿ ವೈರಸ್ ಎಂಬುದು ಹೀಗೆ ಖಚಿತವಾಯಿತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಮುಂದೆ ಪೋಲಿಯೋ ಲಸಿಕೆಯಿಂದ ಪ್ರಸಿದ್ಧರಾದ ಜೋನಾಸ್ ಸಾಲ್ಕ್ ರೂಪಿಸಿದ ಫ್ಲೂ ಲಸಿಕೆ 1945ರಲ್ಲಿ ಅಮೆರಿಕದ ಸೈನಿಕರಿಗೂ ಮರುವರ್ಷ ಸಾಮಾನ್ಯರಿಗೂ ದೊರೆಯಿತು.

ಆದರೆ ಈ ವೈರಸ್ ವೇಷ ಬದಲಿಸುವುದರಲ್ಲಿ ನಮ್ಮ ಬಯಲಾಟದವರನ್ನೂ ಮೀರಿಸುತ್ತದೆ. 1957, 1968 ಮತ್ತು 2009ರಲ್ಲಿ ಹೊಸ ವೇಷದಲ್ಲಿ ಜಗತ್ತನ್ನು ಸುತ್ತಿತು. ಲಸಿಕೆಯನ್ನು ಪ್ರತಿವರ್ಷ ಹೊಸದಾಗಿ ಹಾಕಿಸಿಕೊಳ್ಳಬೇಕಾದದ್ದು ಇದಕ್ಕೇ. ಲಸಿಕೆ ವೈರಸ್ಸಿಗೆ ಚೆನ್ನಾಗಿ ಹೊಂದಿದ ವರ್ಷದಲ್ಲಿ ಫ್ಲೂ ಬಂದು ವೈದ್ಯರ ಬಳಿ ಹೋಗುವ ಸಂಭವ ಶೇಕಡಾ 40ರಿಂದ 60ರಷ್ಟು ತಗ್ಗುತ್ತದೆ. ಬಂದರೂ ಬಹುಮಟ್ಟಿಗೆ ಹಗುರವಾಗಿ ಹೋಗುತ್ತದೆ.

ನೆಗಡಿಯ ಕಥೆ ಬೇರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ 1989ರವರೆಗೆ ನೆಗಡಿಗಾಗಿಯೇ ಒಂದು ಸಂಶೋಧನಾ ಕೇಂದ್ರವಿತ್ತು. ಸಾವಿರಾರು ಸ್ವಯಂಸೇವಕರು ಅಲ್ಲಿ ಉಚಿತ ಊಟ, ವಸತಿ ಪಡೆದು ಮೂಗಿಗೆ ವೈರಸ್ ಹಾಕಿಸಿಕೊಂಡರು. ಕೊನೆಗೂ ಮದ್ದು ಸಿಗಲಿಲ್ಲ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಒಂದು ಲಸಿಕೆಯಿಂದ ಎಲ್ಲವನ್ನೂ ತಡೆಯುವುದೆಂತು? 1970ರಲ್ಲಿ ನೊಬೆಲ್ ವಿಜ್ಞಾನಿ ಲೈನಸ್ ಪಾಲಿಂಗ್ ವಿಟಮಿನ್ ಸಿ ಮದ್ದೆಂದು ಪುಸ್ತಕ ಬರೆದರು. ಸಾಮಾನ್ಯ ಜನರಲ್ಲಿ ಅದು ನೆಗಡಿಯನ್ನು ತಡೆಯುವುದಿಲ್ಲವೆಂದು ಮುಂದಿನ ಪರೀಕ್ಷೆಗಳು ತೋರಿಸಿದವು.

ಹಾಗಾದರೆ ನಮ್ಮ ಅಜ್ಜಿಯ ಮದ್ದು? ಶುಂಠಿ ಕಷಾಯ, ಮೆಣಸಿನ ಸಾರು, ಉಪ್ಪುನೀರಿನ ಗಾರ್ಗಲ್ ಇವು ವೈರಸ್ಸನ್ನು ಕೊಲ್ಲುವುದಿಲ್ಲ, ಆದರೆ ಗಂಟಲಿಗೆ ಹಿತ, ಮೈಗೆ ನೀರು. ಅಂಗಡಿಯ ನೆಗಡಿ ಮಾತ್ರೆಯೂ ಇದಕ್ಕಿಂತ ಹೆಚ್ಚೇನು ಮಾಡುವುದಿಲ್ಲ. ಕೆಲವು ಎಚ್ಚರಿಕೆಗಳು ಮಾತ್ರ ಅಗತ್ಯ:

1. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ರೋಗ ಬರಬಹುದು.

2. ಕುದಿಯುವ ನೀರಿನ ಪಾತ್ರೆಯಿಟ್ಟು ಮಕ್ಕಳಿಗೆ ಹಬೆ ಹಿಡಿಸಬೇಡಿ. ಸುಟ್ಟ ಗಾಯ ನೆಗಡಿಗಿಂತ ಕೆಟ್ಟದ್ದು. ಎರಡು ವರ್ಷದೊಳಗಿನವರಿಗೆ ವಿಕ್ಸ್ ಬೇಡ.

3. ಫ್ಲೂ ಬಂದ ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಕೊಡಬಾರದು.

4. ಊರಿನಿಂದ ತಂದ ಕ್ರೋಸಿನ್ ಮತ್ತು ಇಲ್ಲಿನ ಟೈಲೆನಾಲ್ ಒಂದೇ ಔಷಧ. ಎರಡನ್ನೂ ನುಂಗಿದರೆ ಲಿವರ್‌ಗೆ ಪೆಟ್ಟು. ಮೂಗು ಬಿಡಿಸುವ ಕೆಲವು ಮಾತ್ರೆಗಳು ರಕ್ತದೊತ್ತಡ ಏರಿಸುತ್ತವೆ.

5. ಸೂಟ್‌ಕೇಸಿನಲ್ಲಿ ಬಂದ ಆಂಟಿಬಯಾಟಿಕ್‌ಗಳು ನೆಗಡಿಗೂ ಫ್ಲೂಗೂ ಉಪಯೋಗವಿಲ್ಲ. ಅವು ಬ್ಯಾಕ್ಟೀರಿಯಾದ ಮದ್ದು, ವೈರಸ್ಸಿನದಲ್ಲ.

ಫ್ಲೂವನ್ನು ಗುರುತಿಸುವುದು ಹೇಗೆ? ನೆಗಡಿ ಮೆಲ್ಲಗೆ ಮೂಗಿನಿಂದ ಶುರುವಾಗುತ್ತದೆ. ಫ್ಲೂ ಒಮ್ಮೆಲೇ ಎರಗುತ್ತದೆ: ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿಜ್ವರ, ಮೈಕೈ ನೋವು, ಒಣಕೆಮ್ಮಿನಿಂದ ಹಾಸಿಗೆ ಹಿಡಿಯುತ್ತಾರೆ. 2020ರ ನಂತರ ಕೋವಿಡ್ ಕೂಡ ಹೀಗೆಯೇ ಬರುವುದರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಫ್ಲೂಗೆ ಟ್ಯಾಮಿಫ್ಲೂ ಎಂಬ ಔಷಧ 1999ರಿಂದ ಇದೆ. ಮೊದಲ 48 ಗಂಟೆಗಳಲ್ಲಿ ಆರಂಭಿಸಿದರೆ ಅದರ ಫಲ ಹೆಚ್ಚು. ಉಸಿರಾಟದ ಕಷ್ಟ, ಎದೆನೋವು, ಮಂಪರು, ಅಥವಾ ಇಳಿದ ಜ್ವರ ಮರುಕಳಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮನೆಗಳ ಒಂದು ಸನ್ನಿವೇಶವನ್ನು ವಿಶೇಷವಾಗಿ ಹೇಳಬೇಕು. ಮಗಳ ಬಾಣಂತನಕ್ಕೆಂದು ಅಪ್ಪ ಅಮ್ಮ ಊರಿನಿಂದ ಚಳಿಗಾಲದಲ್ಲೇ ಬಂದಿರುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಉಬ್ಬಸ. ತೊಟ್ಟಿಲಲ್ಲಿ ಎಳೆಗೂಸು, ಆರು ತಿಂಗಳು ತುಂಬುವವರೆಗೆ ಅದಕ್ಕೆ ಫ್ಲೂ ಲಸಿಕೆ ಹಾಕುವಂತಿಲ್ಲ. ಗರ್ಭಿಣಿಯಾಗಿದ್ದಾಗಲೇ ತಾಯಿ ಲಸಿಕೆ ಪಡೆದರೆ ಆಕೆಯ ರಕ್ಷಣೆ ಕೂಸಿಗೂ ದಾಟುತ್ತದೆ. 65 ದಾಟಿದವರಿಗೆ ಹೆಚ್ಚು ಪ್ರಬಲವಾದ ಲಸಿಕೆಯೇ ಇದೆ. ಫಲ ನೀಡಲು ಸುಮಾರು ಎರಡು ವಾರ ಬೇಕಾದ್ದರಿಂದ ಅಕ್ಟೋಬರ್ ಮುಗಿಯುವುದರೊಳಗೆ ಹಾಕಿಸಿಕೊಳ್ಳುವುದು ಉತ್ತಮ, ತಡವಾದರೂ ಬಿಡಬೇಡಿ. ಜ್ವರವಿದ್ದವರು ನಮ್ಮ ಸಂಘದ ಕಾರ್ಯಕ್ರಮಕ್ಕೂ ಬರದೆ ಮನೆಯಲ್ಲೇ ಉಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅವರ ಪಾಲಿನ ಹೋಳಿಗೆಯನ್ನು ಮನೆಗೇ ತಲುಪಿಸೋಣ!

1918ರಲ್ಲಿ ನಮ್ಮ ಹಿರಿಯರ ಬಳಿ ಕಷಾಯ ಮಾತ್ರವಿತ್ತು. ನಮ್ಮ ಬಳಿ ಕಷಾಯವೂ ಇದೆ, ಲಸಿಕೆಯೂ ಇದೆ. ನೆಗಡಿಗೆ ಮೊದಲನೆಯದು ಸಾಕು. ಫ್ಲೂಗೆ ಎರಡನೆಯದು ಬೇಕು. ಎಲ್ಲರಿಗೂ ಬೆಚ್ಚನೆಯ, ಆರೋಗ್ಯದ ಚಳಿಗಾಲವನ್ನು ಹಾರೈಸುತ್ತೇವೆ.