ತರಗೆಲೆಯ ಲೆಕ್ಕ: ‘ಬೆಂಗಳೂರು ಪದ್ಧತಿ’ ಮತ್ತು ಬಡಾವಣೆಯ ಗೊಬ್ಬರ ತಾಣ

ಗೊಬ್ಬರ ತಯಾರಿಕೆಯ ಎರಡು ಪದ್ಧತಿಗಳು ಪಠ್ಯಪುಸ್ತಕಗಳಲ್ಲಿ ಊರಿನ ಹೆಸರಿನಿಂದಲೇ ಪರಿಚಿತ. ಇಂದೋರ್ ಪದ್ಧತಿಯನ್ನು 1924ರಿಂದ 1931ರ ನಡುವೆ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ರೂಪಿಸಿದರು. ಬೆಂಗಳೂರು ಪದ್ಧತಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಕೊಟ್ಟದ್ದು. ಇದನ್ನು ಓದಿಕೊಂಡು ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಂಥ ತಾಣಕ್ಕೆ ಬರುವ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಬೆಂಗಳೂರು ಪದ್ಧತಿ ಎಲ್ಲಿದೆ? ಕಣ್ಣಿಗೆ ಬೀಳುವುದು ಗಾಳಿಯಾಡುವ ತೊಟ್ಟಿಗಳು, ಎಲೆ ತುಂಬುವ ಜಾಲರಿಗಳು. ಮಗುಚುವ ಕೆಲಸ, ಗಾಳಿ ಬಿಡುವ ಕೆಲಸ ಇಂದೋರಿಗೇ ಹತ್ತಿರ.

ಆಚಾರ್ಯರ ಪದ್ಧತಿ ಕೆಟ್ಟದ್ದಾದ್ದರಿಂದ ಹೀಗಾದದ್ದಲ್ಲ. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ ಆರೆಂಟು ತಿಂಗಳು ಬಿಟ್ಟರಾಯಿತು. ಮಗುಚುವ ಆಳುಖರ್ಚಿಲ್ಲ, ಸಾರಜನಕದ ನಷ್ಟವೂ ಕಡಿಮೆ. ಊರಾಚೆ ಜಾಗವಿದ್ದ ಪುರಸಭೆಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಒಳಚರಂಡಿ ಬಂದ ಮೇಲೆ, ಮಲ ಹೊರುವ ಅಮಾನವೀಯ ಪದ್ಧತಿ ಕಾನೂನಿನಿಂದ ನಿಷಿದ್ಧವಾದ ಮೇಲೆ, ಅದರ ಅರ್ಧ ಕಚ್ಚಾವಸ್ತುವೇ ಇಲ್ಲವಾಯಿತು. ಮನೆಗಳ ನಡುವಿನ ಪಾರ್ಕಿನಲ್ಲಿ ಎಂಟು ತಿಂಗಳು ಗುಂಡಿ ಕಾಯಲು ಜಾಗವೂ ಇಲ್ಲ.

ಆದರೆ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಕಸದ ಗುಣದಲ್ಲಾದ ಬದಲಾವಣೆ. ಹಿಂದಿನ ಬೀದಿ ಕಸದಲ್ಲಿ ಬೂದಿ, ಮಣ್ಣು, ಒಣ ಎಲೆ ತಾವಾಗಿಯೇ ಬೆರೆತಿರುತ್ತಿದ್ದವು. ಇಂದು ಬೇರ್ಪಡಿಸಿ ತರುವ ಹಸಿ ಕಸ ಬಹುಪಾಲು ನೀರೇ. ಕುಂಬಳದ ತಿರುಳು, ಸೌತೆ ಸಿಪ್ಪೆ, ಮಿಕ್ಕಿದ ಅನ್ನ, ಸಾರಿನ ಹೋಳು. ಇದನ್ನು ಹಾಗೇ ಸುರಿದರೆ ಸಂದುಗಳು ಮುಚ್ಚಿ, ಗಾಳಿ ನಿಂತು, ಹುಳಿ ವಾಸನೆ ಏಳುತ್ತದೆ. ತಡೆಯುವುದು ತರಗೆಲೆ.

ಎಷ್ಟು ಎಲೆ ಬೇಕು? 100 ಕೆ.ಜಿ. ಹಸಿ ಕಸದಲ್ಲಿ ಶೇ. 80 ನೀರು, ತರಗೆಲೆಯಲ್ಲಿ ಶೇ. 10 ನೀರು ಎಂದು ಹಿಡಿದು, ಮಿಶ್ರಣದ ತೇವ ಶೇ. 60ಕ್ಕೆ ಇಳಿಯಬೇಕೆಂದರೆ, 40 ಕೆ.ಜಿ. ಎಲೆ ಬೇಕು. ಸ್ವಾರಸ್ಯವೆಂದರೆ, ಕಸದ ಒಣ ಅಂಶದಲ್ಲಿ ಶೇ. 2.5, ಎಲೆಯಲ್ಲಿ ಶೇ. 0.8 ಸಾರಜನಕ, ಎರಡರಲ್ಲೂ ಶೇ. 45 ಇಂಗಾಲ ಎಂದಿಟ್ಟುಕೊಂಡರೆ, ಅದೇ 40 ಕೆ.ಜಿ. ಇಂಗಾಲ–ಸಾರಜನಕದ ಅನುಪಾತವನ್ನೂ ಸುಮಾರು 32:1ಕ್ಕೆ ತಂದು ನಿಲ್ಲಿಸುತ್ತದೆ. ಸೂಕ್ಷ್ಮಜೀವಿಗಳಿಗೆ ಹಿತವಾದ 25ರಿಂದ 30:1ಕ್ಕೆ ಇದು ಹತ್ತಿರವೇ. ರಾಶಿ 55 ಡಿಗ್ರಿ ದಾಟಿ ಬಿಸಿಯಾದಾಗ ನೀರು ಆವಿಯಾಗುವುದರಿಂದ ತುಸು ಕಡಿಮೆ ಎಲೆಯೂ ಸಾಲಬಹುದು. ತೆಂಗಿನ ನಾರಿನ ಪುಡಿ ಬಳಸುವವರೂ ಇದ್ದಾರೆ. ಅದು ನೀರು ಹೀರುತ್ತದೆ ನಿಜ, ಆದರೆ ಕಾಸು ಕೊಟ್ಟು ತರಬೇಕು, ಎಲೆಯಂತೆ ಗಾಳಿಗೆ ದಾರಿ ಬಿಡುವುದಿಲ್ಲ.

ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಉಪಕರಣ ಬೇಡ. ತೊಟ್ಟಿಯ ನಡುವಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಬೇಕು. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿ ನಿಂತರೆ ಹದ. ನೀರು ಮೊಣಕೈಯತ್ತ ಇಳಿದರೆ ಎಲೆ ಸಾಲದು. ಅಂಗೈ ಬಿಚ್ಚಿದೊಡನೆ ಉಂಡೆ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಕೈಗವಸು ತೊಡಿಸಿ ಪ್ರತಿ ವಿದ್ಯಾರ್ಥಿಯಿಂದಲೂ ಇದನ್ನು ಮಾಡಿಸಲೇಬೇಕು. ದೂರ ನಿಂತು ಫಲಕ ಓದಿ ಬರುವ ಪ್ರವಾಸದಲ್ಲಿ ಈ ತಿಳಿವಳಿಕೆ ದಕ್ಕುವುದಿಲ್ಲ.

ಕ್ಷೇತ್ರ ಭೇಟಿಗಳು ಹೆಚ್ಚಾಗಿ ನಡೆಯುವುದು ಬೇಸಿಗೆಗೆ ಮುಂಚೆ. ಬೆಂಗಳೂರಿನ ಬೀದಿಮರಗಳು ಎಲೆ ಉದುರಿಸುವ ಕಾಲವೂ ಅದೇ. ಎಲ್ಲ ಜಾಲರಿಗಳೂ ತುಂಬಿರುವುದನ್ನು ಕಂಡವರಿಗೆ ಎಲೆಯ ಕೊರತೆ ಊಹೆಗೂ ನಿಲುಕದು. ಮಳೆಗಾಲದಲ್ಲಿ ಹಸಿ ಕಸ ಎಂದಿನಂತೆಯೇ ಬರುತ್ತದೆ. ಒಣ ಎಲೆ ಸಿಗುವುದು ಕಷ್ಟ. ಹಾಗಾಗಿ ತಾಣದ ಸಾಮರ್ಥ್ಯವನ್ನು ತೊಟ್ಟಿಗಳ ಸಂಖ್ಯೆಯಿಂದ ಅಳೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಮಳೆ ತಾಗದಂತೆ ಎಷ್ಟು ಎಲೆ ಕೂಡಿಡಬಲ್ಲದು ಎಂಬುದೇ ಸರಿಯಾದ ಅಳತೆ. ವಿದ್ಯಾರ್ಥಿಗಳ ವರದಿ ನಮೂನೆಯಲ್ಲಿ ಆ ದಾಸ್ತಾನಿಗೊಂದು ಕಾಲಂ ಇರಲಿ, ಅದೇ ತಾಣಕ್ಕೆ ಆಷಾಢದಲ್ಲಿ ಇನ್ನೊಮ್ಮೆ ಹೋಗಿ ಅದನ್ನು ಮತ್ತೆ ತುಂಬಲಿ.