ಮ್ಯಾಟರ್‌ಹಾರ್ನ್‌ನಿಂದ ಮಣ್ಣಿನ ಕುಂಡಕ್ಕೆ

ಇಂಗ್ಲೆಂಡಿನ ಆಲ್ಪೈನ್, ಅಂದರೆ ಎತ್ತರದ ಬೆಟ್ಟದ ಗಿಡಗಳ ಪ್ರದರ್ಶನಕ್ಕೆ ಮೊದಲ ಸಲ ಹೋದವರಿಗೆ ಸಣ್ಣದೊಂದು ನಿರಾಸೆ ಕಾದಿರುತ್ತದೆ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಆಳೆತ್ತರದ ಹೂವಿನ ಸ್ಮಾರಕಗಳನ್ನು ಕಂಡು ಬಂದ ಕಣ್ಣಿಗಂತೂ ಇದೇನು ಪ್ರದರ್ಶನ ಅನ್ನಿಸಬೇಕು. ಯಾವುದೋ ಊರಿನ ಶಾಲೆಯ ಹಾಲ್, ಸಾಲು ಮೇಜು, ಮೇಜಿನ ಮೇಲೆ ಮಣ್ಣಿನ ಕುಂಡ, ಕುಂಡದ ತುಂಬ ಜಲ್ಲಿ, ಜಲ್ಲಿಯ ನಡುವೆ ಅಂಗೈಯಗಲದ ಒಂದು ಹಸಿರು ಉಂಡೆ. ಎಲೆ ಕಾಣದಷ್ಟು ಹಳದಿ ಹೂ ಅದನ್ನು ಮುತ್ತಿದ್ದರೆ ತೀರ್ಪುಗಾರರು ಬಗ್ಗಿ ನೋಡುತ್ತಾರೆ, ಸುತ್ತು ಹಾಕಿ ಮತ್ತೆ ಬಗ್ಗುತ್ತಾರೆ. ಇರಾನಿನ ಸುಣ್ಣಕಲ್ಲಿನ ಬಂಡೆಯ ಸೀಳಿನಲ್ಲಿ ಇರಬೇಕಾದ ಡಯೋನಿಸಿಯಾ ಗಿಡ ಅದು. ಜಿಟಿಜಿಟಿ ಮಳೆಯ ಇಂಗ್ಲೆಂಡಿನಲ್ಲಿ ಅದನ್ನು ವರ್ಷಗಟ್ಟಲೆ ಬದುಕಿಸಿ, ಹೂ ಬಿಡಿಸಿ, ಕಾರಿನಲ್ಲಿ ಅಲುಗಾಡದಂತೆ ಹೊತ್ತು ತಂದವರು ಪಕ್ಕದಲ್ಲೇ ಚಹಾ ಹಿಡಿದು ನಿಂತಿರುತ್ತಾರೆ.

ಈ ಕುಂಡದವರೆಗೆ ಬರಲು ಇಂಗ್ಲಿಷರಿಗೆ ಒಂದೂವರೆ ಶತಮಾನವೇ ಹಿಡಿಯಿತು. ಮೊದಮೊದಲು ಅವರು ಬೆಟ್ಟದ ಗಿಡಕ್ಕಿಂತ ಬೆಟ್ಟವನ್ನೇ ಮನೆಗೆ ತರಲು ಹೊರಟಿದ್ದರು. 1772ರಲ್ಲಿ ಐಸ್‌ಲ್ಯಾಂಡಿಗೆ ಹೋಗಿದ್ದ ಜೋಸೆಫ್ ಬ್ಯಾಂಕ್ಸ್ ಹಡಗಿನ ತಳಭಾರಕ್ಕೆಂದು ತುಂಬಿಸಿ ತಂದ ಲಾವಾ ಕಲ್ಲು, ಲಂಡನ್ ಟವರಿನಲ್ಲಿ ಕೆಡವಿದ ಕಟ್ಟಡದ ಕಲ್ಲು, ಇವೆರಡನ್ನೂ ಸೇರಿಸಿ 1773ರಲ್ಲಿ ಚೆಲ್ಸಿಯ ಔಷಧಿ ಸಸ್ಯಗಳ ತೋಟದಲ್ಲಿ ಒಂದು ಕಲ್ಲುತೋಟ ಕಟ್ಟಿದರು. ಅದು ಇಂದಿಗೂ ಇದೆ. ಮುಂದಿನ ಶತಮಾನದಲ್ಲಿ ಈ ಚಟ ಶ್ರೀಮಂತರಿಗೆ ಅಂಟಿತು. ಚೆಸ್ಟರ್ ಬಳಿಯ ಹೂಲ್ ಹೌಸಿನಲ್ಲಿ ಲೇಡಿ ಬ್ರೌಟನ್ ಎಂಬಾಕೆ ಫ್ರಾನ್ಸಿನ ಶಾಮೊನಿ ಕಣಿವೆಯ ಶಿಖರಗಳ ಮಾದರಿಯನ್ನೇ ತೋಟದಲ್ಲಿ ಎಬ್ಬಿಸಿದಳು. ಹಿಮದ ಬದಲಿಗೆ ಬಿಳಿಕಲ್ಲಿನ ಚೂರು. ತೋಟಗಾರಿಕೆಯ ಲೇಖಕ ಲೌಡನ್ 1838ರಲ್ಲಿ ಅದನ್ನು ಬಣ್ಣಿಸಿ ಬರೆದ ಮೇಲೆ ಹೂಲ್ ಹೌಸ್ ದೇಶಕ್ಕೆಲ್ಲ ಗೊತ್ತಾಯಿತು.

ಎಲ್ಲರನ್ನೂ ಮೀರಿಸಿದವನು ವಕೀಲ ಸರ್ ಫ್ರಾಂಕ್ ಕ್ರಿಸ್ಪ್. ಹೆನ್ಲಿಯಲ್ಲಿದ್ದ ಅವನ ಫ್ರಯರ್ ಪಾರ್ಕ್ ಬಂಗಲೆಯ ತೋಟದಲ್ಲಿ ಸಾವಿರಾರು ಟನ್ ಯಾರ್ಕ್‌ಷೈರ್ ಕಲ್ಲು ಪೇರಿಸಿ ಮ್ಯಾಟರ್‌ಹಾರ್ನ್ ಶಿಖರದ ಮರಿಯೊಂದನ್ನು ನಿಲ್ಲಿಸಿದ. ಅದರ ಮೈಮೇಲೆ ಅಲ್ಲಲ್ಲಿ ಆಲ್ಪ್ಸ್‌ನ ಕಾಡುಮೇಕೆಗಳು, ಲೋಹದವು! ಜನ ಬಂದು ನೋಡಲೆಂದು ತೋಟದ ಬಾಗಿಲು ತೆರೆದಿಡುತ್ತಿದ್ದ ಉದಾರಿ ಅವನು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1970ರಲ್ಲಿ ಕೊಂಡುಕೊಂಡದ್ದು ಇದೇ ಬಂಗಲೆಯನ್ನು.

ಈ ಲೋಹದ ಮೇಕೆಗಳನ್ನು ಕಂಡು ಸುಮ್ಮನಿರಲಾರದವನೊಬ್ಬನಿದ್ದ, ರೆಜಿನಾಲ್ಡ್ ಫಾರರ್. 1880ರಲ್ಲಿ ಹುಟ್ಟಿದವನು, ಸೀಳಂಗುಳದಿಂದಾಗಿ ಮಾತು ತೊಡಕು, ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವನು. ಯಾರ್ಕ್‌ಷೈರಿನ ಕ್ಲಾಪಮ್ ಎಂಬ ಹಳ್ಳಿಯ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಹದಿನಾಲ್ಕನೆಯ ವಯಸ್ಸಿಗೇ ಕಲ್ಲುತೋಟ ಮಾಡಿದ. ಬಾಯಲ್ಲಿ ಆಗದ್ದನ್ನು ಲೇಖನಿಯಲ್ಲಿ ತೀರಿಸಿಕೊಂಡ. 1907ರ ತನ್ನ ಪುಸ್ತಕದಲ್ಲಿ ಅಂದಿನ ಕಲ್ಲುತೋಟಗಳನ್ನು ಬಾದಾಮಿ ಚುಚ್ಚಿದ ಪುಡಿಂಗಿಗೂ ನಾಯಿಯ ಗೋರಿಗೂ ಹೋಲಿಸಿ ನಗೆಯಾಡಿದ. ಗಿಡ ಬೆಟ್ಟದಲ್ಲಿ ಹೇಗೆ ಬೆಳೆಯುತ್ತದೋ ಅದನ್ನು ನೋಡಿ ಕಲ್ಲಿಡಬೇಕು, ಕಲ್ಲಿಗಾಗಿ ಗಿಡವಲ್ಲ ಎಂಬುದು ಅವನ ವಾದ. ಮನೆಯ ಹತ್ತಿರದ ಕಡಿದಾದ ಬಂಡೆಗೆ ಕೋವಿಯಲ್ಲಿ ಬೀಜ ತುಂಬಿ ಹಾರಿಸಿದನೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಅವನ ಸ್ವಭಾವ ನೋಡಿದರೆ ನಂಬಬಹುದಾದ್ದೇ.

1914ರಲ್ಲಿ ಜಗಳ ಹತ್ತಿಕೊಂಡಿತು. ಎನ್‌ಫೀಲ್ಡಿನ ಸೌಮ್ಯ ಸ್ವಭಾವದ ತೋಟಗಾರ ಇ. ಎ. ಬೌಲ್ಸ್ ವಸಂತದ ತೋಟದ ಬಗ್ಗೆ ಬರೆದ ಪುಸ್ತಕಕ್ಕೆ ಫಾರರ್ ಮುನ್ನುಡಿ ಬರೆದ. ಹೆಸರೆತ್ತದೆ, ದುಡ್ಡು ಸುರಿದು ಬೆಟ್ಟ ಕಟ್ಟುವವರನ್ನೂ ಅವರ ತಗಡಿನ ಮೇಕೆಗಳನ್ನೂ ಅದರಲ್ಲಿ ಗೇಲಿ ಮಾಡಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕ್ರಿಸ್ಪ್ ಸಿಡಿದೆದ್ದ; ಸಿಟ್ಟು ತಿರುಗಿದ್ದು ಮಾತ್ರ ಪಾಪದ ಬೌಲ್ಸ್ ಮೇಲೆ. ಬೌಲ್ಸ್ ವಿರುದ್ಧ ಕಿರುಹೊತ್ತಗೆ ಅಚ್ಚಾಯಿತು. ಚೆಲ್ಸಿ ಹೂವಿನ ಪ್ರದರ್ಶನಕ್ಕೆ ಬಂದವರಿಗೆ ಅದನ್ನು ಚೀಲದಿಂದ ತೆಗೆದು ತೆಗೆದು ಹಂಚಿದವಳು ಹೆಸರಾಂತ ತೋಟಗಾರ್ತಿ ಎಲೆನ್ ವಿಲ್ಮಟ್ ಎಂದು ಹೇಳುತ್ತಾರೆ. ಆ ಬೇಸಿಗೆಯಲ್ಲೇ ಮಹಾಯುದ್ಧ ಶುರುವಾಯಿತು. ಬೆಟ್ಟ ಕಟ್ಟಲು ಬೇಕಾದ ದುಡ್ಡೂ ಆಳುಗಳೂ ಆಮೇಲೆ ಹಿಂದಿರುಗಲಿಲ್ಲ.

ಫಾರರ್ ಆ ಹೊತ್ತಿಗೆ ಚೀನಾದ ಗಾನ್ಸು ಸೀಮೆ ಸೇರಿದ್ದ. 1919ರಲ್ಲಿ ಬರ್ಮಾದ ಉತ್ತರ ತುದಿಗೆ ಹೊರಟ. ಯುದ್ಧದಿಂದ ತಡವಾಗಿದ್ದ ಅವನ ಎರಡು ಸಂಪುಟಗಳ ದೊಡ್ಡ ಗ್ರಂಥ ಹೊರಬಂದದ್ದೂ ಅದೇ ವರ್ಷ. ಮರುವರ್ಷ ಅಕ್ಟೋಬರಿನಲ್ಲಿ, ಬರ್ಮಾದ ಬೆಟ್ಟದಲ್ಲೇ, ನಲವತ್ತರ ಹರೆಯದಲ್ಲಿ ತೀರಿಕೊಂಡ.

ಪ್ರದರ್ಶನದ ಮಾತು ಬಂದರೆ ಇನ್ನೊಂದು ವಂಶವನ್ನೂ ನೆನೆಯಬೇಕು. ಈ ಲೇಖಕನ ಮಟ್ಟಿಗೆ ಶ್ರೀಮಂತರ ಬೆಟ್ಟಗಳಿಗಿಂತ ಅದೇ ಹೆಚ್ಚು ಸ್ವಾರಸ್ಯದ್ದು. ಆರಿಕ್ಯುಲ ಎಂಬ ಪ್ರಿಮುಲ ಜಾತಿಯ ಗಿಡ ಮೂಲತಃ ಆಲ್ಪ್ಸ್‌ನದು. ಇಂಗ್ಲೆಂಡಿನಲ್ಲಿ ಅದನ್ನು ಪಳಗಿಸಿ, ಹೊಸ ಹೊಸ ತಳಿ ತೆಗೆದು, ಸ್ಪರ್ಧೆಗೆ ನಿಲ್ಲಿಸಿದವರಲ್ಲಿ ಲ್ಯಾಂಕಷೈರಿನ ಕೈಮಗ್ಗದ ನೇಕಾರರದು ದೊಡ್ಡ ಹೆಸರು. ಅದರ ಎಲೆಗೂ ಹೂವಿಗೂ ಹಿಟ್ಟು ಉದುರಿಸಿದಂಥ ಬಿಳಿಪುಡಿ. ಒಂದು ಮಳೆ ಬಿದ್ದರೆ ಪುಡಿ ತೊಳೆದುಹೋಗಿ ಬಹುಮಾನದ ಆಸೆಯೂ ಹೋಯಿತು. ಮಗ್ಗ ಮನೆಯಲ್ಲೇ ಇದ್ದುದರಿಂದ ಮೋಡ ಕಂಡೊಡನೆ ಲಾಳಿ ಬಿಟ್ಟು ಎದ್ದು ಕುಂಡವನ್ನು ಸೂರಿನಡಿ ಇಡಲು ನೇಕಾರನಿಗೆ ಆಗುತ್ತಿತ್ತು. ಪ್ರದರ್ಶನ ನಡೆಯುತ್ತಿದ್ದುದು ಹೆಂಡದಂಗಡಿಗಳಲ್ಲಿ; ಗೆದ್ದವನಿಗೆ ತಾಮ್ರದ ಕೆಟಲ್. ಪ್ರದರ್ಶನ ಇದೆಯೆಂದು ಸಾರಲು ಆ ಕೆಟಲನ್ನು ಮೊದಲೇ ಅಂಗಡಿಯ ಹೊರಗೆ ತೂಗುಹಾಕುತ್ತಿದ್ದರು. ಗಿರಣಿಗಳು ಬಂದು ನೇಕಾರರು ಸೈರನ್ನಿಗೆ ಓಗೊಡುವ ಕೂಲಿಗಳಾದ ಮೇಲೆ ಮೋಡ ನೋಡಿ ಏಳುವ ಸ್ವಾತಂತ್ರ್ಯ ಎಲ್ಲಿ ಉಳಿದೀತು? ಕುಂಡ, ಮೇಜು, ತೀರ್ಪು ಎಂಬ ಪದ್ಧತಿ ಮಾತ್ರ ಉಳಿಯಿತು.

1929ರಲ್ಲಿ ಆಲ್ಪೈನ್ ಗಾರ್ಡನ್ ಸೊಸೈಟಿ ಹುಟ್ಟಿತು. ನಾಲ್ಕು ವರ್ಷಕ್ಕೆ ಸ್ಕಾಟ್ಲೆಂಡಿನವರು ಬೇರೆ ಕ್ಲಬ್ ಕಟ್ಟಿಕೊಂಡರು. 1934ರಲ್ಲಿ ಅಮೆರಿಕದವರೂ ಒಂದು ಸಂಘ ಮಾಡಿಕೊಂಡರು. ಇಂಗ್ಲೆಂಡಿನ ಸಂಘದ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಚೆಂದದ ಗಿಡಕ್ಕೆ ಸಿಗುವ ಪದಕಕ್ಕೆ ಫಾರರ್ ಹೆಸರು. ಈಗ ಅಲ್ಲಿ ಕುಂಡದ ಬಾಯಿ 19 ಸೆಂಟಿಮೀಟರ್ ಮೀರಬಾರದೆಂಬ ವಿಭಾಗಗಳಿವೆ, ದೊಡ್ಡ ಗಿಡಗಳಿಗೆ 36 ಸೆಂಟಿಮೀಟರಿನ ಮಿತಿ. ಹೊಸಬರಿಗೆ, ಪಳಗಿದವರಿಗೆ ಬೇರೆ ಬೇರೆ ಸ್ಪರ್ಧೆ. ಕುಂಡ ಮೂರಾಗಲಿ ಆರಾಗಲಿ, ಒಂದಕ್ಕೊಂದು ಹೊಂದಬೇಕು. ಮ್ಯಾಟರ್‌ಹಾರ್ನ್ ಎಬ್ಬಿಸಿದ ಹಂಬಲ ಹೀಗೆ ಸೆಂಟಿಮೀಟರ್ ಲೆಕ್ಕಕ್ಕೆ ಇಳಿಯಿತು. ಜಾಗವಿಲ್ಲದ, ಆಳಿಲ್ಲದ ಸಾಮಾನ್ಯ ನೌಕರನೂ ಸ್ಪರ್ಧೆಗೆ ನಿಲ್ಲುವಂತಾದದ್ದು ಇದರಿಂದಲೇ.

ಕುಂಡ ಬೇಕಾದದ್ದು ಬರೀ ಅನುಕೂಲಕ್ಕಲ್ಲ. ಬೆಟ್ಟದ ಗಿಡ ಚಳಿಗೆ ಸಾಯುವುದಿಲ್ಲ. ಮೇಲೆ ಹಿಮದ ಹೊದಿಕೆ ಬಿದ್ದರೆ ಅದರಡಿ ಗಿಡ ಒಣಗಿದ ನೆಲದಲ್ಲಿ ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ. ಇಂಗ್ಲೆಂಡಿನ ಚಳಿಗಾಲ ಅಷ್ಟು ಕೊರೆಯದಿದ್ದರೂ ತೇವ ಬಿಡುವುದಿಲ್ಲ, ಗಿಡ ಕೊಳೆಯುತ್ತದೆ. ಹಾಗಾಗಿ ಆಲ್ಪೈನ್ ಗಿಡದ ಗಾಜಿನ ಮನೆಗೆ ಒಲೆಯಿಲ್ಲ. ಮೇಲೂ ಪಕ್ಕಕ್ಕೂ ಕಿಟಕಿಗಳೇ ಕಿಟಕಿಗಳು. ಮಳೆ ತಡೆದರೆ ಸಾಕು, ಗಾಳಿ ಆಡಲೇಬೇಕು. ಕುಂಡವನ್ನು ಅಂಚಿನವರೆಗೆ ಮರಳಿನಲ್ಲಿ ಹೂತು, ನೀರನ್ನು ಗಿಡಕ್ಕೆ ಹಾಕದೆ ಸುತ್ತಲಿನ ಮರಳಿಗೆ ಹಾಕುತ್ತಾರೆ. ಜೇಡಿಮಣ್ಣಿನ ಗೋಡೆ ಬೇಕಾದಷ್ಟನ್ನು ಹೀರಿಕೊಳ್ಳುತ್ತದೆ. ಡಯೋನಿಸಿಯಾದ ಬಾಡಿದ ಹೂಗಳನ್ನು ಚಿಮುಟದಲ್ಲಿ ಒಂದೊಂದಾಗಿ ಕೀಳುವವರಿದ್ದಾರೆ.

ಅದೇ ಮೇಜಿಗೆ ಗೆಡ್ಡೆಗಳು ಬಂದು ಸೇರಿದ್ದೂ ನೀರಿನ ಲೆಕ್ಕದಿಂದಲೇ. 1960ರ ದಶಕದಲ್ಲಿ ನಿವೃತ್ತ ನೌಕಾಧಿಕಾರಿ ಪಾಲ್ ಫರ್ಸ್ ಟರ್ಕಿ, ಇರಾನ್, ಅಫ್ಘಾನಿಸ್ತಾನ ಸುತ್ತಿ ಐರಿಸ್, ಟ್ಯೂಲಿಪ್, ಫ್ರಿಟಿಲೇರಿಯಾಗಳನ್ನು ತಂದ. ಅವುಗಳಿಗೆ ಬೇಸಿಗೆಯಲ್ಲಿ ಸುಡುವ ಒಣ ನೆಲ ಬೇಕು. ಎಲೆ ಒಣಗಿದೊಡನೆ ನೀರು ನಿಲ್ಲಿಸಿ, ಗಾಜು ಮುಚ್ಚಿ, ಸೆಪ್ಟೆಂಬರ್ ಹೊತ್ತಿಗೆ ಮತ್ತೆ ನೀರು ಕೊಡುವ ಕ್ರಮ ಬೆಟ್ಟದ ಗಿಡದವರಿಗೆ ಸಲೀಸಾಗಿ ಒಗ್ಗಿತು.

ದಕ್ಷಿಣ ಆಫ್ರಿಕಾದ ಗೆಡ್ಡೆಗಳದು ಇನ್ನೊಂದು ತಕರಾರು, ಅವುಗಳಲ್ಲಿ ಹಲವು ನೀರು ಹೆಪ್ಪುಗಟ್ಟುವ ಚಳಿಯನ್ನೂ ತಾಳವು. ಅಂಥದ್ದರಲ್ಲಿ ಹಳೆಯದು ನೆರೀನೆ, ಗರ್ನ್‌ಸಿ ಲಿಲ್ಲಿ ಎಂದು ಕರೆಸಿಕೊಳ್ಳುವ ಕೆಂಪು ಹೂ. 1634ರಲ್ಲೇ ಪ್ಯಾರಿಸಿನ ತೋಟವೊಂದರಲ್ಲಿ ಅರಳಿತ್ತು. ಜಪಾನಿನದೆಂದು ಎಲ್ಲರೂ ನಂಬಿದ್ದರು. ಗರ್ನ್‌ಸಿ ದ್ವೀಪದ ಬಳಿ ಹಡಗು ಒಡೆದು ಗೆಡ್ಡೆಗಳು ತೇಲಿಬಂದು ಮರಳಲ್ಲಿ ಬೇರುಬಿಟ್ಟವೆಂಬ ಸುಂದರ ಕತೆಯೂ ಹುಟ್ಟಿತು. 1772ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೊರಟ ಫ್ರಾನ್ಸಿಸ್ ಮ್ಯಾಸನ್ ಅದನ್ನು ಟೇಬಲ್ ಮೌಂಟನ್ ಮೇಲೆ ಕಂಡಾಗಲೇ ತವರು ಗೊತ್ತಾದದ್ದು. ನಮ್ಮ ಬೇಲಿಗಳಲ್ಲಿ ಕೇಳುವವರಿಲ್ಲದೆ ಹಬ್ಬುವ ಗೌರಿ ಹೂವಿನ ಗೆಡ್ಡೆಯನ್ನೂ ಇಂಗ್ಲೆಂಡಿನವರು ಗಾಜಿನ ಮನೆಯೊಳಗೆ, ಬೆಚ್ಚಗೆ, ಮುಚ್ಚಟೆಯಿಂದ ಸಾಕುತ್ತಾರೆ.

ಈ ಆಸೆಗೆ ಬೆಲೆ ತೆತ್ತದ್ದು ಕಾಡು. ಚಿಲಿಯ ಸಾಂಟಿಯಾಗೊ ಬಳಿಯ ಬೆಟ್ಟಗಳಲ್ಲಿ ಬೆಳೆಯುವ ಟೆಕೊಫಿಲಿಯಾ ಎಂಬ ಗೆಡ್ಡೆಯ ಹೂವಿನ ನೀಲಿಗೆ ಸಾಟಿಯಿಲ್ಲ. ಯೂರೋಪಿನ ತೋಟಗಳಿಗಾಗಿ ಅಗೆದು ಸಾಗಿಸಿದವರು ಒಂದು ಕಡೆ, ಮೇಯುವ ದನಗಳು ಇನ್ನೊಂದು ಕಡೆ; ಅದು ಕಾಡಿನಲ್ಲಿ ಅಳಿದೇಹೋಯಿತೆಂದು ಬಹುಕಾಲ ನಂಬಲಾಗಿತ್ತು. ಉಳಿದಿರುವುದು ಹವ್ಯಾಸಿಗಳ ಕುಂಡಗಳಲ್ಲಿ ಮಾತ್ರ ಎಂದುಕೊಂಡಿದ್ದರು. 2001ರಲ್ಲಿ ಸಾಂಟಿಯಾಗೊ ಬಳಿಯೇ ಮತ್ತೆ ಸಿಕ್ಕಿತು. ಕುಂಡದವರೇ ಕಾಪಾಡಿದರು ಎನ್ನುವುದು ಅರ್ಧ ನಿಜ. ಆ ಕುಂಡಗಳು ತುಂಬಿದ್ದು ಎಲ್ಲಿಂದ ಎಂದೂ ಕೇಳಬೇಕಾಗುತ್ತದೆ.

ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ 1973ರ ಸೈಟ್ಸ್ ಒಪ್ಪಂದದಡಿ ಈಗ ಸ್ನೋಡ್ರಾಪ್, ಸೈಕ್ಲಮನ್‌ಗಳ ಕಾಡುಗೆಡ್ಡೆಗಳನ್ನು ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ. ಫರ್ಸ್‌ನಂತೆ ಜೀಪು ತುಂಬ ಗೆಡ್ಡೆ ಹೇರಿಕೊಂಡು ಬರುವ ಕಾಲ ಮುಗಿದಿದೆ. ಸಂಘದವರು ತಮ್ಮ ತಮ್ಮ ಕುಂಡದ ಬೀಜವನ್ನು ಪೊಟ್ಟಣ ಕಟ್ಟಿ ಸಂಘಕ್ಕೆ ಕಳಿಸುತ್ತಾರೆ. ಚಳಿಗಾಲದಲ್ಲಿ ಪಟ್ಟಿ ಹೊರಟು ಬೇಕಾದವರಿಗೆ ಹಂಚಿಕೆಯಾಗುತ್ತದೆ. ಬೀಜದಿಂದ ಹೂವಿಗೆ ಕೆಲವು ಗೆಡ್ಡೆಗಳು ನಾಲ್ಕೈದು ವರ್ಷ ಕಾಯಿಸುತ್ತವೆ. ಸ್ಪರ್ಧಿ ತಾನೇ ಬೀಜ ಹಾಕಿ ಬೆಳೆಸಿದ ಗಿಡಗಳಿಗೆಂದು ಪ್ರದರ್ಶನದಲ್ಲಿ ಬೇರೆಯೇ ವಿಭಾಗವಿದೆ.