ಕಲ್ಲು ಕೊಡಲಿಯ ತವರು
ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡ ಬಹುಪಾಲು ಗ್ರಾನೈಟ್. ಅದರ ಮೈ ಸೀಳಿಕೊಂಡು ಕರಿ ಪಟ್ಟಿಯೊಂದು ಹಾದುಹೋಗಿದೆ. ಬಿರುಕಿಗೆ ನುಗ್ಗಿದ ಶಿಲಾರಸ ತಣಿದು ಗಟ್ಟಿಯಾದ ಡೋಲರೈಟ್ ಡೈಕ್ ಅದು.

ನವಶಿಲಾಯುಗದ ಜನ ಕೊಡಲಿಗೆ ಆರಿಸಿಕೊಂಡದ್ದು ಈ ಕಲ್ಲನ್ನೇ. ಕ್ರಿ.ಪೂ. 1400–1200ರ ಹೊತ್ತಿಗೆ ಇಲ್ಲಿ ಕೊಡಲಿ ತಯಾರಿಕೆ ಭರದಿಂದ ಸಾಗಿತ್ತು. ಚಕ್ಕೆಗಳ ರಾಶಿ, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಅಲಗು ಉಜ್ಜಿ ಉಜ್ಜಿ ನುಣುಪಾದ ಬಂಡೆಯ ತಗ್ಗುಗಳೇ ಅದಕ್ಕೆ ಸಾಕ್ಷಿ.

ಬೇರೆಡೆ ಸಿಕ್ಕ ಕೊಡಲಿಯ ಮೂಲ ತಿಳಿಯುವುದು ಹೇಗೆ? ಈ ಸೀಮೆಯಲ್ಲಿ ಇಂಥ ಡೈಕ್‌ಗಳು ಹಲವಿರುವುದರಿಂದ ಬರಿಗಣ್ಣಿನ ಹೋಲಿಕೆ ಸಾಲದು. ಕಲ್ಲಿನ ಚೂರನ್ನು 0.03 ಮಿ.ಮೀ. ದಪ್ಪಕ್ಕೆ ಸವೆಸಿ, ಖನಿಜಗಳ ಹೆಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಅಳೆದು ಡೈಕ್‌ನ ಕಲ್ಲಿನೊಂದಿಗೆ ತಾಳೆ ಹಾಕುತ್ತಾರೆ.

ಇಲ್ಲಿ ಬಿದ್ದಿರುವ ಚಕ್ಕೆಗಳೂ ಪುರಾವೆಗಳೇ. ದಯವಿಟ್ಟು ಒಂದನ್ನೂ ಎತ್ತಿಕೊಂಡು ಹೋಗಬೇಡಿ.